ಶರ್ಲಿನ್ ಹೆಸರಿಗೆ ಎದ್ದು ನಿಂತ ಹಾಲ್

ನಾಡಗೀತೆ ಇಲ್ಲ, ರಾಷ್ಟ್ರಗೀತೆ ಇಲ್ಲ, ಬಿಲ್ಡಿಂಗಿನ ಫೈರ್ ಅಲಾರಾಂ ಕೂಡ ಹೊಡೆದಿಲ್ಲ. ಆದರೂ ಹಾಲ್ ತುಂಬ ಕೂತಿದ್ದ ಜನರನ್ನು ಒಟ್ಟಿಗೆ ಎಬ್ಬಿಸಿ ನಿಲ್ಲಿಸಿ, ಅವರ ಕೈಯಲ್ಲಿದ್ದ ಚಹಾದ ಪೇಪರ್ ಕಪ್ಪನ್ನು ತಲೆಯ ಮಟ್ಟಕ್ಕೆ ಎತ್ತಿಸಿದ ಗಂಡನ್ನು ನೀವು ನೋಡಿದ್ದೀರಾ? ನೋಡಿರುವುದಿಲ್ಲ ಬಿಡಿ. ನೋಡಿದ್ದರೆ ಈಗ ಇಲ್ಲಿ ಕೂತು ಇದನ್ನು ಓದುತ್ತಿರಲಿಲ್ಲ, ಅವನ ಜೊತೆ ಸೆಲ್ಫಿಗೆ ಕ್ಯೂ ನಿಂತಿರುತ್ತಿದ್ದಿರಿ. ಹೆಸರು ರಾನ್ಸನ್. ವಯಸ್ಸು ಇಪ್ಪತ್ಮೂರು. ಊರು ಕೇಳಿದರೆ ಮಂಗಳೂರು ಅನ್ನುತ್ತಾನೆ, ಹುಟ್ಟಿದ್ದು ಬೆಳೆದದ್ದು ಮಾತ್ರ ಕುವೈತಿನಲ್ಲಿ. ಹಗಲಿಗೆ ಒಂದು ಕಾರ್ಗೋ ಆಫೀಸಿನಲ್ಲಿ ಪಾರ್ಸಲ್‌ಗಳಿಗೆ ಸ್ಟಿಕ್ಕರ್ ಅಂಟಿಸುತ್ತಾನೆ, ಉಳಿದ ಹೊತ್ತು ಹೀರೋ. ಮನೆಯ ಲೈಟ್ ಸ್ವಿಚ್ ಹಾಕುವಾಗಲೂ ಒಂದು ಡೈಲಾಗ್ ಹೊಡೆದೇ ಹಾಕುವ ಜಾತಿ. ಒಂದು ಶುಕ್ರವಾರ ಅವನು ಕನ್ನಡ ಕ್ಲಾಸಿನ ಚಿಳ್ಳೆಪಿಳ್ಳೆಗಳನ್ನು ಕಟ್ಟಿಕೊಂಡು ಅಲ್ಲಿನ ಇಡೀ ಕನ್ನಡ ಸಂಘವನ್ನು ಎಬ್ಬಿಸಿ ನಿಲ್ಲಿಸಿದ ಕಥೆ ಇದು. ಸೀಟ್ ಬೆಲ್ಟ್ ಹಾಕಿಕೊಳ್ಳಿ.

ಮೊದಲು ಅವನ ಅಪ್ಪನ ವಿಷಯ ಹೇಳಬೇಕು. ಬರ್ನಾರ್ಡ್ ಅಂದರೆ ಕುವೈತಿನ ರಿಗ್ಗೈ ಏರಿಯಾದ ಮಂಗಳೂರು ಕ್ರಿಶ್ಚನ್ನರ ಪಾಲಿಗೆ ಒಂದು ಮೈಕ್ ಇದ್ದ ಹಾಗೆ. ಹಗಲು ಬ್ಯಾಂಕಿನ ಆಫೀಸಿನಲ್ಲಿ ಫೈಲುಗಳ ನಡುವೆ ಇರುವ ಈ ಮನುಷ್ಯ, ಯಾರದಾದರೂ ಮದುವೆ, ನಾಮಕರಣ, ಸಿಲ್ವರ್ ಜುಬಿಲಿ ಇದ್ದರೆ ಕೆಂಪು ಬೋ ಟೈ ಕಟ್ಟಿ ಟೋಸ್ಟ್ ಹೇಳಲು ಹೋಗುತ್ತಾರೆ. ನಮ್ಮವರ ಟೋಸ್ಟಿಗೆ ಒಂದು ಪದ್ಧತಿ ಉಂಟು. ಮದುಮಗಳ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿ ಅಕ್ಷರಕ್ಕೆ ಒಂದು ಗುಣ ಹೇಳಬೇಕು. ಮದುಮಗಳು ನಿಜಕ್ಕೂ ಶಾಂತಳೋ ಅಲ್ಲವೋ, ಹೆಸರಲ್ಲಿ ಶ ಇದ್ದರೆ ಅವಳು ಶಾಂತಳು. ಕೊನೆಯ ಅಕ್ಷರ ಮುಗಿಸಿ, ಎದ್ದು ನಿಲ್ಲಿ ಎನ್ನುವುದೇ ತಡ, ಇಡೀ ಹಾಲ್ ಎದ್ದು ನಿಂತು ಗ್ಲಾಸ್ ಎತ್ತುತ್ತದೆ. ಊರಲ್ಲಿ ಆ ಗ್ಲಾಸಿನಲ್ಲಿ ವೈನ್, ಕುವೈತಿನಲ್ಲಿ ದ್ರಾಕ್ಷಿ ಜ್ಯೂಸ್. ಎದ್ದು ನಿಲ್ಲುವುದರಲ್ಲಿ ಮಾತ್ರ ಏನೂ ವ್ಯತ್ಯಾಸವಿಲ್ಲ.

ರಾನ್ಸನ್‌ಗೆ ಆ ಮೈಕ್ ಬೇಕಿತ್ತು. ಚಿಕ್ಕವನಿದ್ದಾಗಿನಿಂದಲೂ ಬೇಕಿತ್ತು. ಫೆಬ್ರವರಿಯಲ್ಲಿ ಯೂಜಿನ್ ಅಂಕಲ್ ಮತ್ತು ಗರ್ಟ್ರೂಡ್ ಆಂಟಿಯ ಸಿಲ್ವರ್ ಜುಬಿಲಿ ಬರುವುದಿತ್ತು. ಟೋಸ್ಟ್ ನನಗೆ ಬಿಡಿ ಪಪ್ಪ ಎಂದು ಅವನು ಕೇಳಿದ. ಬರ್ನಾರ್ಡ್ ಮೀನಿನ ಮುಳ್ಳು ತೆಗೆಯುತ್ತಾ, ಜೋಕರ್‌ಗೆ ಮೈಕ್ ಕೊಟ್ಟರೆ ಅದು ಟೋಸ್ಟ್ ಅಲ್ಲ ಸರ್ಕಸ್ ಆಗುತ್ತದೆ ಎಂದರು. ಅಮ್ಮ ಲಿಜ್ಜಿ, ಒಮ್ಮೆ ಕೊಟ್ಟು ನೋಡಬಾರದಾ ಎಂದದ್ದು ಯಾರ ಕಿವಿಗೂ ಬೀಳಲಿಲ್ಲ.

ಬರ್ನಾರ್ಡ್ ಹಾಗೆ ಹೇಳಲು ಕಾರಣವಿತ್ತು. ನವೆಂಬರ್‌ನಲ್ಲಿ ಸಂಘದ ಪಿಕ್ನಿಕ್ಕಿನಲ್ಲಿ ಈ ರಾನ್ಸನ್ ನೀರಿನ ಟ್ಯಾಂಕಿನ ಹಿಂದೆ ಅಡಗಿ, ಅಧ್ಯಕ್ಷ ಲಕ್ಷ್ಮೀನರಸಿಂಹರ ದನಿಯಲ್ಲಿ, ಊಟ ಆ ಕಡೆಯ ಗೇಟಿನ ಹತ್ತಿರ ಶುರುವಾಗಿದೆ, ದಯವಿಟ್ಟು ಸಾಲಾಗಿ ಬನ್ನಿ ಎಂದು ಘೋಷಿಸಿದ್ದ. ಸಂಘದ ಅರ್ಧಕ್ಕರ್ಧ ಜನ ಮರಳಿನಲ್ಲಿ ಚಪ್ಪಲಿ ಎಳೆಯುತ್ತಾ ಆ ಗೇಟಿಗೆ ಹೋಗಿ, ಅಲ್ಲಿ ಕಟ್ಟಿದ್ದ ಒಂದು ಒಂಟೆಯನ್ನು ನೋಡಿ ವಾಪಸ್ ಬಂದರು. ಸ್ವತಃ ಲಕ್ಷ್ಮೀನರಸಿಂಹರೂ ಹೋಗಿದ್ದರು. ತಮ್ಮ ದನಿ ಕೇಳಿ ತಾವೇ ಹೇಗೆ ಹೊರಟಿರಿ ಎಂದು ಕೇಳಿದರೆ, ಹಸಿವಾಗಿತ್ತು ಎಂದರಂತೆ.

ಎಲ್ಲರೂ ಬೈದರು, ಚಂದ್ರಪ್ರಭಾ ಟೀಚರ್ ಒಬ್ಬರು ಮಾತ್ರ ಬೈಯಲಿಲ್ಲ. ಅವರು ಮೈಸೂರಿನವರು. ಗಂಡ ಧನಂಜಯ್ ಇಂಜಿನಿಯರ್. ರಿಗ್ಗೈಯ ಒಂದು ಬಿಲ್ಡಿಂಗಿನ ಬೇಸ್‌ಮೆಂಟಿನಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ಸಂಘದ ಮಕ್ಕಳಿಗೆ ಕನ್ನಡ ಕಲಿಸುವುದು ಅವರೇ. ಅವರಿಗೆ ಸೊಸೆಯ ಹೆರಿಗೆಗೆಂದು ಊರಿಗೆ ಹೋಗುವುದಿತ್ತು, ಜನವರಿಯ ಕಾರ್ಯಕ್ರಮಕ್ಕೆ ಮಕ್ಕಳನ್ನು ತಯಾರು ಮಾಡುವವರು ಯಾರೂ ಸಿಕ್ಕಿರಲಿಲ್ಲ.

"ಅಷ್ಟು ಜನರನ್ನ ಒಂದೇ ಮಾತಲ್ಲಿ ನಡೆಸಿದೀಯಲ್ಲಪ್ಪ. ಹತ್ತು ಮಕ್ಕಳನ್ನ ಕೂರಿಸಕ್ಕಾಗಲ್ವಾ?" ಎಂದರು.

ರಾನ್ಸನ್ ತಪ್ಪಿಸಿಕೊಳ್ಳುತ್ತಿದ್ದನೋ ಏನೋ. ಆದರೆ ಪಕ್ಕದಲ್ಲೇ ಇದ್ದ ಬರ್ನಾರ್ಡ್, "ಆ ಮಕ್ಕಳ ಐಟಂ ಮರ್ಯಾದೆಯಲ್ಲಿ ಮುಗಿಸು ನೋಡುವ. ಜನ ಕೈ ತಟ್ಟಿದರೆ ಜುಬಿಲಿಯ ಮೈಕ್ ನಿಂದು" ಎಂದುಬಿಟ್ಟರು. ಡೀಲ್ ಪಕ್ಕಾ.

ಟೀಚರ್ ಹೊರಡುವ ಮೊದಲು ಅವನನ್ನು ಕೂರಿಸಿ ಕೆಲಸ ಹೇಳಿಕೊಟ್ಟರು. ಮಕ್ಕಳು ತಮ್ಮ ಹೆಸರನ್ನು ಕನ್ನಡದಲ್ಲಿ ಮೇಲಿಂದ ಕೆಳಗೆ ಒಂದೊಂದೇ ಅಕ್ಷರ ಬರೆಯಬೇಕು. ಒತ್ತಕ್ಷರ ಬಂದರೆ ಬಿಡಿಸಿಕೊಳ್ಳಬಹುದು, ಕಾಗುಣಿತ ಯಾವುದು ಬೇಕಾದರೂ ಹಾಕಿಕೊಳ್ಳಬಹುದು. ಪ್ರತಿ ಅಕ್ಷರದಿಂದ ಒಂದು ಸಾಲು. ಸಾಲುಗಳೆಲ್ಲ ಸೇರಿ ಆ ಮಗು ಯಾರು ಅಂತ ಹೇಳಬೇಕು. ಅಷ್ಟೇ.

ಇದು ನಮ್ಮ ಪಪ್ಪನ ಟೋಸ್ಟೇ ಅಲ್ಲವಾ, ನನ್ನ ರಕ್ತದಲ್ಲೇ ಉಂಟು ಎಂದು ರಾನ್ಸನ್ ಎದೆ ತಟ್ಟಿಕೊಂಡ.

"ಅಲ್ಲ ಕಣೋ," ಎಂದರು ಟೀಚರ್. "ಟೋಸ್ಟು ಬೇರೆಯವರು ಹೇಳೋದು. ಇದು ಮಗು ತಾನೇ ಹೇಳೋದು. ನೀನು ಸಾಲು ಬರೆದುಕೊಡಬೇಡ. ಪ್ರಶ್ನೆ ಕೇಳ್ತಾ ಹೋಗು, ಸುಮ್ನೆ ಕಾಯಿ."

ರಾನ್ಸನ್ ಆಯ್ತು ಎಂದ. ಆಯ್ತು ಎನ್ನುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಮೊದಲ ಶುಕ್ರವಾರ ಅವನು ಕಪ್ಪು ಕನ್ನಡಕ ಹಾಕಿಕೊಂಡೇ ಬೇಸ್‌ಮೆಂಟಿಗೆ ಇಳಿದ. ಬೋರ್ಡಿನ ಮೇಲೆ ಮಾದರಿಗೆಂದು ತನ್ನದೇ ಹೆಸರು ಬಿಡಿಸಿದ:

ರಾಜ ಬಂದ, ದಾರಿ ಬಿಡಿ.
ನಗುವಿನಲ್ಲೇ ನೂರು ಕಿಡಿ.
ಸದ್ದು ಮಾಡಿದ್ರೆ ಸೈಡಿಗೆ ನಡಿ.
ನಾನು ನಿಂತ ಮೇಲೆ ನೋಡಿ.

ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಸರಿ, ಈಗ ನಿಮ್ಮದು ಬರೆಯಿರಿ ಎಂದ. ಮಕ್ಕಳು ಬರೆದದ್ದನ್ನು ಓದಿದರೆ ಎಲ್ಲವೂ ಒಂದೇ ಪ್ಯಾಕೆಟ್ಟಿನ ಬಿಸ್ಕತ್ತು. ನಾನು ಒಳ್ಳೆಯ ಹುಡುಗ. ನನಗೆ ಪಿಜ್ಜಾ ಇಷ್ಟ. ನಾನು ಒಳ್ಳೆಯ ಹುಡುಗಿ. ನನಗೂ ಪಿಜ್ಜಾ ಇಷ್ಟ. ಒಂಬತ್ತು ವರ್ಷದ ಆಲ್ರೊಯ್ ಅಂತೂ ಪ್ರತಿ ಸಾಲಿಗೂ ಒಂದೊಂದು ಫುಟ್‌ಬಾಲ್ ಕ್ಲಬ್ಬಿನ ಹೆಸರು ಬರೆದಿಟ್ಟು, ಫಿನಿಶ್ಡ್ ಎಂದು ಬ್ಯಾಗ್ ಹೆಗಲಿಗೇರಿಸಿಕೊಂಡ. ಎಲ್ಲರಿಗೂ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಪ್ರಶ್ನೆ ಕೇಳಿ ಕಾಯಬೇಕಂತೆ. ಅರ್ಧ ಗಂಟೆ ಕಾದ ರಾನ್ಸನ್‌ಗೆ ಜುಬಿಲಿಯ ಮೈಕ್ ರೆಕ್ಕೆ ಬಿಚ್ಚಿ ಏರ್‌ಪೋರ್ಟ್ ಕಡೆಗೆ ಹಾರಿಹೋಗುವುದು ಕಣ್ಣಿಗೆ ಕಾಣಿಸಿತು.

ಆ ವಾರವೇ ಅವನು ಕೂತು ಎಲ್ಲ ಮಕ್ಕಳಿಗೂ ತಾನೇ ಬರೆದ. ಆಲ್ರೊಯ್‌ಗೆ ಕೊಟ್ಟದ್ದು ಇದು:

ಆಟಕ್ಕೆ ಇಳಿದರೆ ಔಟೇ ಇಲ್ಲ.
ಲೆಕ್ಕ ಇಟ್ಟುಕೊಂಡವರು ಯಾರೂ ಇಲ್ಲ.
ರೂಟು ಬೇರೆ, ರೇಟು ಬೇರೆ.
ಯಾರು ಅಂತ ಕೇಳಬೇಡ, ನೋಡಿ ಸರಿ ಆಚೆ.

ಟೀಚರ್ ಮನೆಯ ಮೇಲಿನ ಫ್ಲೋರಿನ ಬೆಂಗಳೂರು ಹುಡುಗಿ ನಿಖಿತಾಗೆ ಇದು: ನಿಂತರೆ ಬೆಂಕಿ, ಖಡಕ್ ಹುಡುಗಿ, ತಾಕತ್ತಿದ್ದರೆ ತಡಿ. ಮಕ್ಕಳಿಗೆ ಹಬ್ಬವೋ ಹಬ್ಬ. ಇಂಗ್ಲಿಷ್ ಬಿಟ್ಟು ಬೇರೆ ಮಾತೇ ಬಾರದವರು ಕಾರಿಡಾರಿನಲ್ಲಿ ಕಾಲರ್ ಎತ್ತಿಕೊಂಡು ಕನ್ನಡದಲ್ಲಿ ಧಮಕಿ ಹಾಕಿಕೊಳ್ಳತೊಡಗಿದರು. ಬಿಲ್ಡಿಂಗಿನ ಹಾರಿಸ್, ಅಂದರೆ ಕಾವಲುಗಾರ, ಈಜಿಪ್ಟಿನವನು, ಇವರೆಲ್ಲ ಯಾಕೆ ಜಗಳವಾಡುತ್ತಿದ್ದಾರೆ ಎಂದು ಕೇಳಲು ಮೆಟ್ಟಿಲಿಳಿದು ಬಂದ. ಇವರು ತಮ್ಮ ಹೆಸರು ಹೇಳುತ್ತಿದ್ದಾರೆ ಭಾಯಿ ಎಂದು ರಾನ್ಸನ್ ಸಮಾಧಾನ ಮಾಡಿ ಕಳಿಸಿದ. ಅಪ್ಪ ಅಮ್ಮಂದಿರು ವಿಡಿಯೋ ಮಾಡಿ ಊರಿಗೆ ಕಳಿಸಿದರು. ನಿಖಿತಾಳ ಅಜ್ಜ ಆ ವಿಡಿಯೋ ನೋಡಿ, ಮೊಮ್ಮಗಳು ಯಾರ ಮೇಲೆ ಕೋಪ ಮಾಡಿಕೊಂಡಿದ್ದಾಳೆ ಎಂದು ವಿಚಾರಿಸಿದರಂತೆ. ಅದನ್ನೂ ರಾನ್ಸನ್ ತನ್ನ ಗೆಲುವಿನ ಲೆಕ್ಕಕ್ಕೇ ಸೇರಿಸಿಕೊಂಡ.

ಒಬ್ಬಳು ಮಾತ್ರ ಸೇರಲಿಲ್ಲ. ಅವಳೇ ಶರ್ಲಿನ್.

ಎಂಟು ವರ್ಷ. ಕೊನೆಯ ಬೆಂಚು. ಪೆನ್ಸಿಲ್ ಬಾಕ್ಸನ್ನು ಶಬ್ದವಾಗದ ಹಾಗೆ ಮುಚ್ಚುವ ಹುಡುಗಿ. ಅಮ್ಮ ಬ್ರೆಂಡಾ ರುಮೈಥಿಯಾದ ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ. ಅಪ್ಪ ಡೋಲ್ಫಿ ಸುಲೈಬಿಯಾದ ಒಂದು ಕೋಲ್ಡ್ ಸ್ಟೋರಿನಲ್ಲಿ ಸೂಪರ್‌ವೈಸರ್. ಹೊರಗೆ ಐವತ್ತು ಡಿಗ್ರಿ ಬಿಸಿಲಿದ್ದಾಗಲೂ ಒಳಗೆ ಜಾಕೆಟ್ ಹಾಕಿಕೊಂಡು ಫ್ರೋಝನ್ ಕೋಳಿಯ ಪೆಟ್ಟಿಗೆ ಎಣಿಸುವ ಕೆಲಸ.

ರಾನ್ಸನ್ ಅವಳಿಗೆ ಬರೆದದ್ದು ತನ್ನ ಕೈಯಿಂದ ಬಂದದ್ದರಲ್ಲೇ ಬೆಸ್ಟ್ ಎಂದುಕೊಂಡಿದ್ದ: ಶತ್ರುಗಳಿಗೆ ಶಾಕ್, ರಾಣಿ ಬಂದ್ಲು ಬ್ಯಾಕ್, ಲೇಡಿ ಅಂದ್ರೆ ಲೇಡಿ, ನಮ್ಮ ಹತ್ರ ಬ್ಯಾಡ ಕೇಡಿ. ಅವಳು ಅದನ್ನು ಎರಡು ಸಲ ಓದಿ ಕಾಗದವನ್ನು ವಾಪಸ್ ಕೊಟ್ಟಳು.

"ದಿಸ್ ಈಸ್ ನಾಟ್ ಮೀ, ಅಂಕಲ್."

ಆ ಅಂಕಲ್ ಅನ್ನುವ ಮಾತು ಇಪ್ಪತ್ಮೂರರ ಹೀರೋನ ಎದೆಗೆ ನೆಟ್ಟಗೆ ಹೋಗಿ ನಾಟಿತು. ಅದನ್ನು ಸಹಿಸಿಕೊಂಡು ಕೇಳಿದ, "ಮತ್ತೆ ನೀನು ಯಾರು ಮಾರಾಯ್ತಿ?"

ಅವಳು ಯೋಚಿಸಿದಳು. ಬೇರೆ ಮಕ್ಕಳು ಬ್ಯಾಗ್ ಏರಿಸಿಕೊಂಡು ಹೋದರು, ಅವಳು ಇನ್ನೂ ಯೋಚಿಸುತ್ತಲೇ ಇದ್ದಳು. ಅಮ್ಮ ಕರೆದುಕೊಂಡು ಹೋಗಲು ಬರುವುದು ತಡವಿತ್ತು. ರಾನ್ಸನ್‌ಗೂ ಮಾಡಲು ಬೇರೆ ಕೆಲಸವಿರಲಿಲ್ಲ. ಹಾಗಾಗಿ ಸುಮ್ಮನೆ ಕೇಳಿದ, ಶುಕ್ರವಾರ ಇಲ್ಲಿಂದ ಹೋಗಿ ಏನು ಮಾಡುತ್ತೀ ಎಂದು.

ಪಪ್ಪನಿಗೆ ಕಾಯುತ್ತೇನೆ ಎಂದಳು, ಇಂಗ್ಲಿಷಿನಲ್ಲಿ. ಉಳಿದ ದಿನ ಅವಳು ಏಳುವ ಮೊದಲೇ ಪಪ್ಪ ಹೋಗಿರುತ್ತಾರೆ, ಮಲಗಿದ ಮೇಲೆ ಬರುತ್ತಾರೆ. ಶುಕ್ರವಾರ ಮಾತ್ರ ಊಟದ ಹೊತ್ತಿಗೆ. ಬಾಗಿಲ ಹಿಂದೆ ನಿಂತುಕೊಂಡು ಕಾಯುತ್ತಾಳೆ. ಹೇಗೆ ಗೊತ್ತಾಗುತ್ತದೆ ಬಂದದ್ದು ಪಪ್ಪ ಎಂದು ರಾನ್ಸನ್ ಕೇಳಿದ. ಅವರ ಬಿಲ್ಡಿಂಗಿನ ಲಿಫ್ಟ್ ಹಳೆಯದು, ಕೈಯಲ್ಲಿ ತಳ್ಳುವ ಬಾಗಿಲು. ಎಲ್ಲರೂ ಇಳಿದು ಬಿಟ್ಟುಬಿಡುತ್ತಾರೆ, ಅದು ದಢಾರ್ ಎಂದು ಬಡಿಯುತ್ತದೆ. ಪಪ್ಪ ಬಡಿಯದ ಹಾಗೆ ಹಿಡಿದು ಮೆಲ್ಲಗೆ ಬಿಡುತ್ತಾರೆ. ಲಿಫ್ಟ್ ಬಂದು ನಿಂತಮೇಲೂ ಬಾಗಿಲು ಬಡಿಯದಿದ್ದರೆ ಅದು ಪಪ್ಪ.

"ಪಪ್ಪನಿಗೆ ಗೊತ್ತುಂಟಾ ನೀನು ಇಷ್ಟೆಲ್ಲ ಕೇಳಿಸ್ಕೊಳ್ತಿ ಅಂತ?"

ಅವಳು ತಲೆಯಾಡಿಸಿದಳು. ಗೊತ್ತಿಲ್ಲ. ಆಮೇಲೆ ಮೊದಲ ಸಲ ಕನ್ನಡದಲ್ಲಿ, ಅದೂ ರಾನ್ಸನ್‌ಗೆ ಮಾತ್ರ ಕೇಳುವಷ್ಟು ಸಣ್ಣಗೆ, "ಹೇಳ್ಬೇಕು ಅಂತ ಉಂಟು" ಎಂದಳು.

ಇದನ್ನೆಲ್ಲ ಕನ್ನಡದಲ್ಲಿ ಹೇಗೆ ಹೇಳುವುದು ಎಂದು ಅವಳು ಒಂದೊಂದೇ ಪದ ಕೇಳಿದಳು, ಅವನು ಹೇಳಿದ. ಅವಳು ಮೇಲಿಂದ ಕೆಳಗೆ ತನ್ನ ಹೆಸರು ಬರೆದು, ಪಕ್ಕದಲ್ಲಿ ಅಳಿಸಿ, ಬರೆದು, ಮತ್ತೆ ಅಳಿಸಿ ನಾಲ್ಕು ಸಾಲು ಮಾಡಿ ತೋರಿಸಿದಳು. ರಾನ್ಸನ್ ಓದಿದ. ಮೇಲಿಂದ ಇನ್ನೊಮ್ಮೆ ಓದಿದ.

ಆದರೆ ಹೀರೋನ ತಲೆಯಲ್ಲಿ ಓಡುತ್ತಿದ್ದ ಲೆಕ್ಕ ಬೇರೆ. ಈ ಸಾಲುಗಳಲ್ಲಿ ಪಂಚ್ ಎಲ್ಲಿ? ಕೈ ತಟ್ಟುವವರು ಯಾವ ಜಾಗದಲ್ಲಿ ತಟ್ಟಬೇಕು? ಬೆಂಕಿ, ತಾಕತ್ತು, ರೂಟು, ರೇಟುಗಳ ನಡುವೆ ಒಂದು ಲಿಫ್ಟ್ ಬಾಗಿಲು ಮೆಲ್ಲಗೆ ಮುಚ್ಚಿಕೊಂಡರೆ ಐಟಂ ಅಲ್ಲೇ ಮಲಗಿಬಿಡುತ್ತದೆ, ಜೊತೆಗೆ ಮೈಕೂ. ತುಂಬ ಚಂದ ಉಂಟು ಎಂದ. ಇದನ್ನು ಮನೆಯಲ್ಲಿ ಹೇಳು, ಸ್ಟೇಜಿನಲ್ಲಿ ನಾನು ಬರೆದದ್ದು ಹೇಳು ಎಂದ. ಮನೆಯಲ್ಲಿ ಹೇಳಲು ನಾಚಿಕೆಯಾಗುತ್ತದೆ, ಸ್ಟೇಜಿನಲ್ಲಾದರೆ ಹೇಳಿ ಓಡಿಬಿಡಬಹುದು ಎಂದು ಅವಳ ವಾದ. ರಾನ್ಸನ್ ಒಪ್ಪಲಿಲ್ಲ. ಅವಳು ಕಾಗದವನ್ನು ಮಡಚಿ ಪೆನ್ಸಿಲ್ ಬಾಕ್ಸಿನಲ್ಲಿಟ್ಟು, ಶಬ್ದವಾಗದ ಹಾಗೆ ಮುಚ್ಚಿದಳು. ಆಮೇಲಿನ ರಿಹರ್ಸಲ್‌ಗಳಲ್ಲಿ ಅವಳು ಶತ್ರುಗಳಿಗೆ ಶಾಕ್ ಎಂದು ಹೇಳುವಾಗ, ಶತ್ರುಗಳಿಗೆ ಕೆಳಗಿನ ಬಕಾಲದ ಅಂಗಡಿಯಿಂದ ಮೊಸರು ತರಲು ಹೇಳಿದ ಹಾಗೆ ಕೇಳುತ್ತಿತ್ತು.

ಕಾರ್ಯಕ್ರಮದ ದಿನ ಬಂತು. ಚಂದ್ರಪ್ರಭಾ ಟೀಚರ್ ಹಿಂದಿನ ದಿನವಷ್ಟೇ ಮೊಮ್ಮಗನನ್ನು ನೋಡಿ ಮರಳಿದ್ದರು. ಸ್ಟೇಜಿನ ಹಿಂದೆ ಮಕ್ಕಳು ಒಬ್ಬರಿಗೊಬ್ಬರು ತಾಕತ್ತು ತೋರಿಸುತ್ತಿದ್ದುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಇದರಲ್ಲಿ ಮಕ್ಕಳು ಬರೆದದ್ದು ಯಾವುದಪ್ಪ ಎಂದು ಕೇಳಿದರು. ಎಲ್ಲ ಅವರದ್ದೇ ಟೀಚರ್, ನಾನು ಸ್ವಲ್ಪ ಪಾಲಿಶ್ ಮಾಡಿದ್ದು ಎಂದ ರಾನ್ಸನ್. ಟೀಚರ್ ಅವನ ಮುಖವನ್ನೇ ನೋಡಿದರು. ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಬೈದಿದ್ದರೆ ಒಳ್ಳೆಯದಿತ್ತು.

ಮಕ್ಕಳ ಐಟಂ ಚಹಾ ಬ್ರೇಕ್ ಆದ ಕೂಡಲೇ ಇತ್ತು. ಜನ ಇನ್ನೂ ಪೇಪರ್ ಕಪ್ ಹಿಡಿದುಕೊಂಡೇ ಸೀಟಿಗೆ ಬರುತ್ತಿದ್ದರು. ಮೈಕಿನಲ್ಲಿ ಬರ್ನಾರ್ಡ್, ಅದೇ ಕೆಂಪು ಬೋ ಟೈ. ಪರದೆಯ ಪಕ್ಕದಲ್ಲಿ ರಾನ್ಸನ್, ಕೈಯಲ್ಲಿ ಸ್ಪೀಕರಿಗೆ ಕನೆಕ್ಟ್ ಮಾಡಿದ ಫೋನ್. ಪ್ರತಿ ಸಾಲಿನ ಕೊನೆಗೆ ಢಂ ಎಂದು ಒಂದು ಡ್ರಮ್ ಬಡಿಸುವ ಏರ್ಪಾಡು ಅವನದ್ದು.

ಆಲ್ರೊಯ್ ಕಾಲರ್ ಎತ್ತಿ ನಡೆದು ಬಂದ. ಔಟೇ ಇಲ್ಲ, ಢಂ. ರೂಟು ಬೇರೆ, ಢಂ. ಹಾಲಿನಲ್ಲಿ ಶಿಳ್ಳೆ. ನಿಖಿತಾ ಕಪ್ಪು ಕನ್ನಡಕ ತೆಗೆದು ಬಿಸಾಡಿದಳು, ಅದು ಮುಂದಿನ ಸಾಲಿನ ಲಕ್ಷ್ಮೀನರಸಿಂಹರ ಚಹಾದೊಳಗೆ ಬಿತ್ತು, ಇನ್ನೂ ಜೋರು ಶಿಳ್ಳೆ. ಒಂದೊಂದು ಮಗು ಬಂದು ಗುಡುಗಿ ಹೋದ ಹಾಗೂ ಚಪ್ಪಾಳೆ ಏರುತ್ತಾ ಹೋಯಿತು. ಬರ್ನಾರ್ಡ್ ಪರದೆಯ ಕಡೆಗೆ ತಿರುಗಿ ಒಮ್ಮೆ ಹುಬ್ಬು ಹಾರಿಸಿದರು. ಆ ಹುಬ್ಬಿನ ಅರ್ಥ ರಾನ್ಸನ್‌ಗೆ ಗೊತ್ತಿತ್ತು. ಮೈಕ್ ಅರ್ಧ ಕೈಗೆ ಬಂದಾಗಿತ್ತು.

ಉಳಿದವಳು ಶರ್ಲಿನ್ ಒಬ್ಬಳೇ. ಅವಳು ಪರದೆಯ ಸಂದಿನಿಂದ ಹಾಲನ್ನು ನೋಡುತ್ತಿದ್ದಳು. ಅಮ್ಮನ ಪಕ್ಕದ ಕುರ್ಚಿ ಖಾಲಿಯಿತ್ತು. ಸುಲೈಬಿಯಾದಲ್ಲಿ ಒಂದು ಕಂಟೇನರ್ ತಡವಾಗಿ ಬಂದಿದೆ, ಡೋಲ್ಫಿ ಬರುವುದು ಡೌಟು ಎಂದು ಬ್ರೆಂಡಾ ಮೊದಲೇ ಹೇಳಿದ್ದರು. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಕೋಲ್ಡ್ ಸ್ಟೋರಿನ ದಪ್ಪ ನೀಲಿ ಜಾಕೆಟನ್ನೂ ಬಿಚ್ಚದೆ ಓಡಿ ಬಂದ ಡೋಲ್ಫಿ, ಯಾರೋ ಕೈಗಿತ್ತ ಚಹಾದ ಕಪ್ಪನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು, ಬಾಗಿಲು ಬಡಿಯದ ಹಾಗೆ ಅದನ್ನು ಬೆನ್ನಿನಿಂದ ತಡೆದು, ಮೆಲ್ಲಗೆ ಮುಚ್ಚಿ ಅಲ್ಲೇ ಗೋಡೆಗೆ ಒರಗಿದ.

ಶರ್ಲಿನ್ ರಾನ್ಸನ್‌ನ ಕಡೆಗೆ ತಿರುಗಿದಳು. "ವಿಚ್ ಒನ್, ಅಂಕಲ್?"

ಈಗ ಬಂತು ನೋಡಿ ಸೀನ್. ಒಂದು ಕಡೆ ಅರ್ಧ ಕೈಗೆ ಬಂದ ಮೈಕ್, ಇನ್ನೊಂದು ಕಡೆ ಎಂಟು ವರ್ಷದ ಎರಡು ಕಣ್ಣು. ರಾನ್ಸನ್ ಒಂದು ಮೊಣಕಾಲೂರಿ ಕೂತ. ಅವಳ ಹೆಗಲ ಮೇಲೆ ಕೈಯಿಟ್ಟ. ಎಲ್ಲೋ ಒಂದು ವಯಲಿನ್ ಕೇಳಿಸಿತು. "ಬರೆದುಕೊಟ್ಟ ಮಾತು ಚಪ್ಪಾಳೆಗೆ ಸಾಕು ಶರ್ಲಿನ್. ಪಪ್ಪನಿಗೆ ಸಾಕಾಗೋದು ನಿನ್ನ ಮಾತು ಮಾತ್ರ. ಹೋಗು, ನಿಂದು ಹೇಳು" ಎಂದ. ಅವಳು ನಡೆದಳು.

ಮೈಕ್ ಅವಳಿಗಿಂತ ಎತ್ತರವಿತ್ತು. ಬರ್ನಾರ್ಡ್ ಬಗ್ಗಿಸಿ ಕೊಟ್ಟರು. ಜನ ಮತ್ತೊಂದು ಗುಡುಗಿಗೆ ತಯಾರಾಗಿ ನಗುಮುಖ ಮಾಡಿಕೊಂಡು ಕೂತಿದ್ದರು. ಅವಳು ಯಾರನ್ನೂ ನೋಡದೆ, ಹಿಂದಿನ ಬಾಗಿಲನ್ನಷ್ಟೇ ನೋಡಿ ಹೇಳಿದಳು:

"ಶುಕ್ರವಾರ ಮಾತ್ರ ಪಪ್ಪ ಊಟದ ಹೊತ್ತಿಗೆ ಮನೆಗೆ ಬರ್ತಾರೆ.
ರಿಗ್ಗೈಯಲ್ಲಿ ನಮ್ಮ ಲಿಫ್ಟಿನ ಬಾಗಿಲು ಎಲ್ಲರಿಗೂ ಬಡೀತದೆ.
ಲಿಫ್ಟ್ ಬಂದು, ಬಾಗಿಲು ಬಡಿಯದಿದ್ದರೆ, ಅದು ಪಪ್ಪ ಅಂತ ನನಗೆ ಗೊತ್ತಾಗ್ತದೆ.
ನಾನು ಪಪ್ಪನ ತಣ್ಣನೆ ಕೈ ಹಿಡಿದು ಬಿಸಿ ಮಾಡುವವಳು."

ಡ್ರಮ್ ಬಡಿಯಲಿಲ್ಲ. ರಾನ್ಸನ್‌ನ ಹೆಬ್ಬೆರಳು ಫೋನಿನ ಮೇಲೆ ಹಾಗೇ ನಿಂತಿತ್ತು. ಚಪ್ಪಾಳೆಯೂ ಬೀಳಲಿಲ್ಲ. ಹೇಳಿ ಓಡಿಬಿಡುತ್ತೇನೆ ಎಂದಿದ್ದ ಹುಡುಗಿ ಓಡುವುದನ್ನು ಮರೆತು ಅಲ್ಲೇ ನಿಂತಿದ್ದಳು.

ಹಿಂದಿನ ಗೋಡೆಯ ಹತ್ತಿರ ಡೋಲ್ಫಿಗೆ ತನ್ನ ಕೈಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಇಡೀ ಹಾಲ್ ಆ ಕೈಗಳನ್ನೇ ತಿರುಗಿ ನೋಡುತ್ತಿತ್ತು. ಹುಟ್ಟಿದಂದಿನಿಂದ ಎಷ್ಟು ಮದುವೆ, ಎಷ್ಟು ಜುಬಿಲಿ ನೋಡಿದ ಮನುಷ್ಯ. ಒಂದು ಹೆಸರಿನ ಕೊನೆಯ ಅಕ್ಷರ ಮುಗಿದರೆ ಮಾಡುವುದು ಒಂದೇ ಕೆಲಸ ಎಂದು ಆ ಕೈಗಳಿಗೆ ಗೊತ್ತಿತ್ತು. ಅವು ಚಹಾದ ಕಪ್ಪನ್ನು ಮೇಲೆತ್ತಿದವು.

ಅದನ್ನು ನೋಡಿ ಗರ್ಟ್ರೂಡ್ ಆಂಟಿ ಎದ್ದು ನಿಂತು ಕಪ್ ಎತ್ತಿದರು. ಯೂಜಿನ್ ಅಂಕಲ್ ಎದ್ದರು. ಮಂಗಳೂರಿನವರ ಸಾಲು ಸಾಲೇ ಎದ್ದಿತು, ಒಬ್ಬರೂ ಯೋಚನೆ ಮಾಡಿ ಎದ್ದದ್ದಲ್ಲ, ಕಾಲು ತಾನಾಗಿಯೇ ಎದ್ದಿತು. ಮೈಸೂರು, ಬೆಂಗಳೂರಿನವರಿಗೆ ಇದು ಯಾವ ಪದ್ಧತಿ ಎಂದು ಅರ್ಥವಾಗಲಿಲ್ಲ. ನಾಡಗೀತೆ ಇನ್ನೊಂದು ಸಲ ಇದೆಯೇನೋ ಎಂದುಕೊಂಡು ಅವರೂ ಎದ್ದರು. ಲಕ್ಷ್ಮೀನರಸಿಂಹರು ಅಟೆನ್ಶನ್‌ನಲ್ಲೇ ನಿಂತರು, ಆಮೇಲೆ ಪಕ್ಕದವರನ್ನು ನೋಡಿ, ನಿಖಿತಾಳ ಕನ್ನಡಕ ತೇಲುತ್ತಿದ್ದ ಕಪ್ಪನ್ನೇ ಎತ್ತಿ ಹಿಡಿದರು. ಸಾವಿರ ಟೋಸ್ಟಿಗೆ ಮಾತು ಜೋಡಿಸಿದ ಬರ್ನಾರ್ಡ್‌ಗೆ ಆ ಕ್ಷಣ ಒಂದೇ ಒಂದು ಮಾತು ಸಿಕ್ಕಿತು.

"ಶರ್ಲಿನ್‌ಗೆ," ಎಂದರು.

ಶರ್ಲಿನ್‌ಗೆ ಎಂದು ಹಾಲ್ ಹೇಳಿತು. ಎಲ್ಲರೂ ತಣ್ಣಗಾದ ಚಹಾ ಕುಡಿದರು.

ಅವಳು ಸ್ಟೇಜಿನ ಮುಂದಿನಿಂದಲೇ ಇಳಿದು ನಡುದಾರಿಯಲ್ಲಿ ಓಡಿದಳು. ಡೋಲ್ಫಿ ಕಪ್ಪನ್ನು ಕಿಟಕಿಯ ಮೇಲಿಟ್ಟು ಕೈ ಚಾಚಿದ. ಅವಳು ಎರಡೂ ಕೈ ಹಿಡಿದುಕೊಂಡು ಉಜ್ಜತೊಡಗಿದಳು, ಎಷ್ಟೋ ಶುಕ್ರವಾರಗಳಿಂದ ಮಾಡುತ್ತಾ ಬಂದ ಕೆಲಸದ ಹಾಗೆ. ಚಂದ್ರಪ್ರಭಾ ಟೀಚರ್ ಹಿಂದಕ್ಕೆ ತಿರುಗಿ ಅವರನ್ನು ನೋಡಿದರು, ಆಮೇಲೆ ಮುಂದಕ್ಕೆ ತಿರುಗಿ ಪರದೆಯನ್ನು ನೋಡಿದರು. ಪರದೆಯ ಹಿಂದೆ ರಾನ್ಸನ್‌ನ ಕಣ್ಣಿಗೆ ಧೂಳು ಬಿದ್ದಿತ್ತು. ಆ ಪರದೆಯನ್ನು ಒಗೆಯದೆ ಬಹಳ ಕಾಲವಾಗಿತ್ತು.

ಮನೆಗೆ ಹೋಗುವಾಗ ಸಿಗ್ನಲ್ ಬಿತ್ತು. ಬರ್ನಾರ್ಡ್ ಕಾರು ನಿಲ್ಲಿಸಿ ಹೇಳಿದರು, "ನಾನು ಎಷ್ಟು ಟೋಸ್ಟ್ ಹೇಳಿದೆ ಗೊತ್ತುಂಟಾ? ಇವತ್ತಿನವರೆಗೆ ಎದ್ದು ನಿಲ್ಲಿ ಅಂತ ನಾನು ಹೇಳದೆ ಯಾರೂ ಎದ್ದದ್ದಿಲ್ಲ. ಜುಬಿಲಿ ನೀನೇ ಮಾಡು ಮಗಾ."

ಹಿಂದಿನ ಸೀಟಿನಲ್ಲಿ ಲಿಜ್ಜಿ, ಇದನ್ನು ಯಾರೋ ಮೊದಲೇ ಹೇಳಿದ್ದರು ಎಂದು ಕಿಟಕಿಯ ಕಡೆಗೆ ನೋಡುತ್ತಾ ಅಂದರು.

ಮುಂದಿನ ವಾರ ರಾನ್ಸನ್ ಯೂಜಿನ್ ಅಂಕಲ್ ಮನೆಗೆ ಹೋಗಿ, ಬೆಳಿಗ್ಗೆ ಎದ್ದು ನೀವಿಬ್ಬರೂ ಮೊದಲು ಏನು ಮಾಡುತ್ತೀರಿ ಎಂದು ಕೇಳಿ ಸುಮ್ಮನೆ ಕಾದು ಕೂತ. ಹಲ್ಲುಜ್ಜುತ್ತೇವೆ ಎಂದರು ಅಂಕಲ್. ಅವನು ಇನ್ನೂ ಕಾದ. ಆಮೇಲೆ ಗರ್ಟ್ರೂಡ್ ಆಂಟಿ ಹೇಳಿದ ಮಾತು ಜುಬಿಲಿಯಲ್ಲಿ ಗ ಅಕ್ಷರದ ಸಾಲಾಯಿತು. ಆ ಸಾಲಿಗೆ ಯೂಜಿನ್ ಅಂಕಲ್ ಕರವಸ್ತ್ರ ಹುಡುಕಿದ್ದು ಬೇರೆ ಕಥೆ.

ಬೇಸ್‌ಮೆಂಟಿನ ಗೋಡೆಯಲ್ಲಿ ಈಗ ಮಕ್ಕಳ ಹೆಸರುಗಳು ಸಾಲಾಗಿ ಇವೆ. ಎಲ್ಲರೂ ಹೊಸದಾಗಿ ಬರೆದರು. ನಿದ್ದೆಯಲ್ಲಿ ತಾನು ಮಾತಾಡುವುದನ್ನು ನಿಖಿತಾ ಬರೆದಿದ್ದಾಳೆ. ಗೋಲ್ ಕೀಪರ್ ಆಗಿ ನಿಂತರೆ ಚೆಂಡು ಬಂದಾಗ ಕಣ್ಣು ಮುಚ್ಚುತ್ತೇನೆ ಎಂದು ಆಲ್ರೊಯ್ ಒಪ್ಪಿಕೊಂಡಿದ್ದಾನೆ, ಅದಕ್ಕೆ ಅವನಿಗೆ ಯಾವ ನಾಚಿಕೆಯೂ ಇಲ್ಲ. ಒಂದು ಜಾಗ ಖಾಲಿ ಬಿಟ್ಟಿದ್ದ ಟೀಚರ್, ಅದು ನಿನ್ನದಪ್ಪ, ಆ ರಾಜ ಬಂದದ್ದು ಬೇಡ, ಬೇರೆ ಬರಿ ಎಂದರು.

ಅದಕ್ಕೆ ಮೊದಲು ನಿಮಗೊಂದು ಮಾತು. ಆ ಮೊಣಕಾಲೂರಿ ಕೂತ ಸೀನ್ ಇದೆಯಲ್ಲ, ವಯಲಿನ್ ಸಮೇತ, ಅದು ನಡೆದೇ ಇಲ್ಲ. ಕಥೆಗೆ ಇರಲಿ ಅಂತ ಸೇರಿಸಿದ್ದು. ಪರದೆಯ ಹಿಂದೆ ಇದ್ದವರು ಇಬ್ಬರೇ, ಶರ್ಲಿನ್ ಇವತ್ತಿಗೂ ಯಾರಿಗೂ ಹೇಳಿಲ್ಲ. ಹೇಳುತ್ತಿರುವುದು ಇನ್ನೊಬ್ಬ. ಹೌದು, ನಾನೇ ರಾನ್ಸನ್. ಹೀರೋ ಆದವನು ತನ್ನ ಹೆಸರನ್ನು ಬೇರೆಯವರ ಹೆಸರಿನ ಹಾಗೆ ಹೇಳಿಕೊಳ್ಳಬಹುದು, ಅದಕ್ಕೆ ಪರ್ಮಿಷನ್ ಉಂಟು. ನಡೆದದ್ದು ಈಗ ಗೋಡೆಯ ಮೇಲಿದೆ, ಯಾರು ಬೇಕಾದರೂ ಬಂದು ಓದಬಹುದು:

ರಿಹರ್ಸಲ್ಲಿನಲ್ಲಿ ನಾನು ಬರೆದದ್ದೇ ಹೇಳು ಅಂದೆ.
ನನ್ನದೇ ಹೇಳು ಅಂತ ಪರದೆಯ ಹಿಂದೆಯೂ ಅಂದೆ.
ಸರಿ ಅಂಕಲ್ ಅಂತ ತಲೆಯಾಡಿಸಿ ಅವಳು ಹೋಗಿ ಅವಳದ್ದು ಹೇಳಿದಳು.
ನಾನು ಅವಳಿಗೆ ಕನ್ನಡ ಕಲಿಸಿದವನು.